ಮನೆ ಮಾರಿ ಮುದ್ರಣಾಲಯ ಹಾಕಿದ ವಕೀಲರು: ನಮ್ಮೂರ ಫ.ಗು. ಹಳಕಟ್ಟಿ

ವಿಜಯಪುರ: ಜೋರಾಪುರ ಪೇಟೆಯಾಗ ಲಗ್ನಪತ್ರಿಕೆ ಕೈಗೆ ಬಂದರೆ ಮ್ಯಾಲ ಒಂದು ವಚನ ಇರುವುದು ಹೊಸದೇನಲ್ಲ. ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ವಚನ, ಆಟೋ ಹಿಂದ ವಚನ, ಸಾಲಿ ಗೋಡೆಯ ಮ್ಯಾಲ ವಚನ. ಮುಂಜಾನೆ ಎದ್ದು ಮೊಬೈಲ್ ತೆಗೆದರೆ ಬೀಗರು ಕಳಿಸಿದ್ದೂ ವಚನ. ಇದಕ್ಕೆ ಯಾರೂ ಯಾರಿಗೂ ಒಂದು ರೂಪಾಯಿ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ನೂರು ವರ್ಷದ ಹಿಂದೆ ಇದರ ಖರ್ಚನ್ನು ಒಬ್ಬರು ಹೊತ್ತಿದ್ದಾರೆ. ಹೊತ್ತಿದ್ದು ಇದೇ ಊರಾಗ, ತಮ್ಮ ಸ್ವಂತ ಮನೆ ಮಾರಿ.

ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಇಂಜಿನಿಯರಿಂಗ್ ಕಾಲೇಜಿನ ಬೋರ್ಡಿನ ಮ್ಯಾಲ ಅವರ ಹೆಸರು ದಿನಾ ಓದುತ್ತೇವೆ. ಜುಲೈ 2 ಬಂತೆಂದರೆ ಫೋಟೋಕ್ಕೆ ಹಾರ ಹಾಕುತ್ತೇವೆ. ಆದರೆ ಈ ಮನುಷ್ಯ ಏನು ಕಳಕೊಂಡು ಏನು ಕೊಟ್ಟರು ಅನ್ನೋ ಲೆಕ್ಕ ನಮ್ಮ ಪೇಟೆಯ ಮಂದಿಗೆ ಅಷ್ಟಾಗಿ ಗೊತ್ತಿಲ್ಲ. ಲೆಕ್ಕ ಅಂದರೆ ನಮಗೆ ಬೇಗ ತಿಳೀತದ, ಅದಕ್ಕೇ ಈ ಬರಹ.

ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರೆಯುವ ಹವ್ಯಾಸ ಇದ್ದವರು. ಮಗ ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ಮುಂಬೈಗೆ ಹೋಗಿ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರು. ಬಿ.ಎ. ಆಯಿತು, ಆಮ್ಯಾಲ ಎಲ್‌ಎಲ್‌ಬಿ ಆಯಿತು. ಆಗ ನಮ್ಮ ಭಾಗ ಪೂರ್ತಿ ಮುಂಬೈ ಪ್ರಾಂತ್ಯದಾಗ ಇತ್ತು. ಕೋರ್ಟು, ಕಚೇರಿ, ದೊಡ್ಡ ಓದು ಎಲ್ಲದಕ್ಕೂ ಮುಂಬೈ ಕಡೆಗೇ ಮುಖ. ಅಲ್ಲಿ ಮರಾಠಿ, ಗುಜರಾತಿ ಮಂದಿ ತಮ್ಮ ಭಾಷೆಗಾಗಿ ಏನೇನು ಮಾಡುತ್ತಿದ್ದಾರೆ ಅನ್ನೋದನ್ನ ಈ ಹುಡುಗ ಕಣ್ಣಾರೆ ಕಂಡ. ಆಲೂರ ವೆಂಕಟರಾಯರಂಥವರ ಒಡನಾಟವೂ ಅಲ್ಲೇ ಸಿಕ್ಕಿತು. 1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಶುರು ಮಾಡಿ, ಅದೇ ವರ್ಷ ಆಗಿನ ಬಿಜಾಪುರಕ್ಕೆ ಬಂದು ನೆಲೆ ನಿಂತರು. ಆಮ್ಯಾಲ ಊರು ಬಿಡಲಿಲ್ಲ.

ವಕೀಲಿ ಚಲೋ ನಡೀತು. ಹೆಸರು ಬಂತು, ರೊಕ್ಕ ಬಂತು, ಸ್ವಂತ ಮನೆಯೂ ಆಯಿತು. ಇಲ್ಲಿಗೇ ನಿಂತಿದ್ದರೆ ಒಬ್ಬ ಅನುಕೂಲಸ್ಥ ವಕೀಲರ ಕಥೆ ಇದು, ಇವತ್ತು ಯಾರೂ ನೆನಸುತ್ತಿದ್ದಿಲ್ಲ.

ಕಥೆ ತಿರುಗಿದ್ದು ಈಗಿನ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆ. 1903ರ ಸುಮಾರಿಗೆ ಅಲ್ಲಿ ಒಬ್ಬರ ಮನೆಯಲ್ಲಿ ಅವರ ಕಣ್ಣಿಗೆ ತಾಡೋಲೆಯ ಕಟ್ಟು ಬಿದ್ದವು. ಷಟ್‌ಸ್ಥಲ ತಿಲಕ, ಪ್ರಭುದೇವರ ವಚನ ಅನ್ನೋ ಗ್ರಂಥಗಳವು. ಓದಿ ನೋಡಿದರೆ ಇಷ್ಟು ಹಳೇ ಕಾಲದ್ದು, ಇಷ್ಟು ತಿಳಿಯಾದ ಕನ್ನಡ. ಅದೂ ಮಂದಿ ಮಾತಾಡುವ ಕನ್ನಡ. ಇಂಥದ್ದು ಒಂದು ಕಟ್ಟು ಇಲ್ಲಿದ್ದರೆ ಇನ್ನೆಷ್ಟು ಮನೆಯ ಮಾಡದಾಗ, ಮಠದ ಪೆಟ್ಟಿಗೆಯಾಗ ಇರಬೇಕು ಅನ್ನೋ ವಿಚಾರ ತಲೆ ಹೊಕ್ಕಿತು, ಮತ್ತೆ ಹೊರಗ ಬರಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆಗ ವಚನಗಳು ಪೂರ್ತಿ ಕಳೆದುಹೋಗಿದ್ದವು ಅಂತಲ್ಲ. ಮಂದಿ ಹಾಡುತ್ತಿದ್ದರು, ಮಠಗಳಲ್ಲಿ ಹೇಳುತ್ತಿದ್ದರು, ಅಲ್ಲಲ್ಲಿ ಕೆಲವು ಅಚ್ಚೂ ಆಗಿದ್ದವು. ಆದರೆ ಬಹುಪಾಲು ಇದ್ದದ್ದು ಓಲೆಯ ಮ್ಯಾಲ. ಆ ಓಲೆಗಳನ್ನು ಅರಿವೆಯಲ್ಲಿ ಸುತ್ತಿ ಜಗಲಿ ಮ್ಯಾಲ ಇಟ್ಟು ಪೂಜೆ ಮಾಡುತ್ತಿದ್ದರು. ವಿಭೂತಿ, ಹೂವು, ಊದಿನಕಡ್ಡಿ ಎಲ್ಲಾ ಇತ್ತು, ಬಿಚ್ಚಿ ಓದುವವರು ಇದ್ದಿಲ್ಲ. ಕೇಳಿದರೆ ಕೊಡಲಿಕ್ಕೂ ಹಿಂದ-ಮುಂದ ನೋಡುತ್ತಿದ್ದರು. ಹಿರಿಯರು ಬಿಟ್ಟುಹೋದ ಆಸ್ತಿ, ಹೊರಗಿನವರ ಕೈಗೆ ಹೆಂಗ ಕೊಡೋದು ಅನ್ನೋ ಅಂಜಿಕೆ. ಅದು ತಪ್ಪು ಅಂತ ಹೇಳಲಿಕ್ಕೆ ಬರೋದಿಲ್ಲ. ಆ ಅಂಜಿಕೆಯಿಂದಲೇ ಕೆಲವು ಕಟ್ಟು ಉಳಿದವು. ಅದೇ ಅಂಜಿಕೆಯಿಂದ ಕೆಲವು ಹುಳ ತಿಂದು ಪುಡಿಯಾದವು.

ವಕೀಲರು ಬಿಡುವಿದ್ದಾಗೆಲ್ಲ ಊರೂರು ತಿರುಗಿದರು. ಕೊಟ್ಟವರಿಂದ ಓಲೆ ತಂದರು, ಕೊಡದವರ ಮನೆಯಲ್ಲೇ ಕುಂತು ನಕಲು ಮಾಡಿಕೊಂಡರು. ಹೀಗೆ ಕೂಡಿಹಾಕಿದ ಓಲೆಕಟ್ಟು ನೂರಾರು.

ಓಲೆ ಓದೋದು ಅಂದರೆ ಪುಸ್ತಕ ಓದಿದಂಗಲ್ಲ. ಕಬ್ಬಿಣದ ಕಂಠದಿಂದ ಕೊರೆದ ಅಕ್ಷರ, ಮ್ಯಾಲ ಮಸಿ ತಿಕ್ಕಿದರೆ ಮಾತ್ರ ಕಾಣಸ್ತದ. ಶಬ್ದ-ಶಬ್ದದ ನಡುವೆ ಜಾಗ ಇರೋದಿಲ್ಲ, ಪೂರ್ಣವಿರಾಮ ಇರೋದಿಲ್ಲ, ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅನ್ನೋದೂ ತಟ್ಟನೆ ತಿಳಿಯೋದಿಲ್ಲ. ಅದಕ್ಕೆ ಆಧಾರ ಅಂಕಿತ. ಕೂಡಲಸಂಗಮದೇವ ಬಂದರೆ ಬಸವಣ್ಣನವರದು, ಗುಹೇಶ್ವರ ಬಂದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕಮಹಾದೇವಿಯದು. ಸರಕಿನ ಮ್ಯಾಲ ಹಾಕಿದ ಮಾರ್ಕಾ ನೋಡಿ ಯಾವ ಅಂಗಡಿಯದು ಅಂತ ಗುರುತು ಹಿಡಿದಂಗ. ಒಂದೇ ವಚನ ನಾಲ್ಕು ಓಲೆಯಲ್ಲಿ ನಾಲ್ಕು ತರಹ ಇರುತ್ತಿತ್ತು. ಯಾವುದು ಸರಿ ಅನ್ನೋದನ್ನ ಹಗಲು ಕೋರ್ಟು ಮುಗಿಸಿ ಬಂದು ಕುಂತು ನೋಡಬೇಕು.

ಹಾಗೆ ನೋಡುತ್ತಾ ಹೋದಂಗ ಹೊಸ ಹೊಸ ಹೆಸರು ಬೆಳಕಿಗೆ ಬಂದವು. ಅದುವರೆಗೆ ವಿದ್ವಾಂಸರಿಗೆ ಗೊತ್ತಿದ್ದ ವಚನಕಾರರು ಕೆಲವೇ ಮಂದಿ. ಹಳಕಟ್ಟಿಯವರ ಕೆಲಸದಿಂದ ಆ ಸಂಖ್ಯೆ ಎರಡು ನೂರು ದಾಟಿತು. ಅವರೆಲ್ಲ ಯಾರು ನೋಡ್ರಿ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ದನ ಕಾಯುವ ರಾಮಣ್ಣ, ಅಕ್ಕಿ ಆಯುವವರ ಮನೆಯ ಲಕ್ಕಮ್ಮ. ನಮ್ಮ ಪೇಟೆಯ ಒಂದು ಓಣಿಯಾಗ ಮುಂಜಾನೆ ಬಾಗಿಲು ತೆಗೆಯುವ ಮಂದಿಯ ಪಟ್ಟಿ ಇದ್ದಂಗ ಅದ. ಎಂಟು ನೂರು ವರ್ಷದ ಹಿಂದೆ ಇಂಥ ಕೆಲಸದ ಮಂದಿ ಬರೆದಿದ್ದು, ಅದೂ ಹೆಂಗಸರೂ ಬರೆದಿದ್ದು, ಓಲೆಯಾಗ ಕುಂತಿತ್ತು.

ಕೂಡಿಸಿದ್ದಾಯಿತು, ಇನ್ನು ಅಚ್ಚು ಆಗಬೇಕಲ್ಲ. 1920ರ ಸುಮಾರಿಗೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹಸ್ತಪ್ರತಿ ಕಳಿಸಿದರು. ಕನ್ನಡ ಅಚ್ಚಿನಲ್ಲಿ ಆಗ ಅವರದು ದೊಡ್ಡ ಹೆಸರು. ಆದರೆ ಅಲ್ಲಿ ಅಚ್ಚಾಗದೆ ಪ್ರತಿ ತಿರುಗಿ ಬಂತು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ಹೊರಬಂತು. ವಚನಗಳನ್ನು ವಿಷಯದ ಪ್ರಕಾರ ವಿಂಗಡಿಸಿ ಜೋಡಿಸಿದ ಪುಸ್ತಕ ಅದು. ಓದುಗನಿಗೆ ಏನು ಬೇಕೋ ಅದು ಕೈಗೆ ಸಿಗಲಿ ಅನ್ನೋ ಲೆಕ್ಕ. ಅದಕ್ಕೂ ಒಂದು ವರ್ಷ ಮೊದಲು ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿ, ಹೊರಗಿನ ವಿದ್ವಾಂಸರಿಗೂ ಮುಟ್ಟಿಸಿದ್ದರು.

ಒಂದು ಪುಸ್ತಕಕ್ಕೆ ಇಷ್ಟು ಓಡಾಟ ಆದರೆ ಉಳಿದ ರಾಶಿಯ ಗತಿ ಏನು? ಪ್ರತಿಸಲ ಬೆಳಗಾವಿಗೆ ಹೋಗಿ ಕರಡು ತಿದ್ದಿ ಬರೋದು ಆಗದ ಮಾತು. 1925ರಲ್ಲಿ ಹಳಕಟ್ಟಿಯವರು ತಮ್ಮ ಮನೆ ಮಾರಿದರು. ಬಂದ ರೊಕ್ಕದಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮುಂದೆ ಬಾಡಿಗೆ ಮನೆಯೇ ಗತಿ ಆಯಿತು.

ಅಂಗಡಿ ನಡೆಸುವವರು ಇದನ್ನು ಸ್ವಲ್ಪ ನಿಂತು ವಿಚಾರ ಮಾಡಬೇಕು. ಮನೆ ಮಾರಿ ಧಂದೆಗೆ ಹಾಕಿದವರು ನಮ್ಮಲ್ಲೂ ಇದ್ದಾರೆ, ಆದರೆ ಅವರು ಲಾಭದ ಮ್ಯಾಲ ಕಣ್ಣಿಟ್ಟು ಹಾಕುತ್ತಾರೆ. ಇವರು ಮನೆ ಮಾರಿ ಹಾಕಿದ್ದು ಲಾಭ ಬರೋದಿಲ್ಲ ಅಂತ ಖಾತ್ರಿ ಇದ್ದ ಮಾಲಿಗೆ. ಆ ಕಾಲಕ್ಕೆ ಓದು ಬರುವವರೇ ಕಡಿಮೆ, ಬಂದರೂ ರೊಕ್ಕ ಕೊಟ್ಟು ಹಳೆಗಾಲದ ವಚನದ ಪುಸ್ತಕ ಕೊಳ್ಳುವವರು ಎಷ್ಟು ಮಂದಿ? ಜೊತೆಗೆ ಮುದ್ರಣಾಲಯದ ಖರ್ಚು ನಿಲ್ಲೋದಲ್ಲ. ಆಗಿನದು ಮೊಳೆ ಜೋಡಿಸುವ ಅಚ್ಚು. ಒಂದೊಂದು ಅಕ್ಷರದ ಸೀಸದ ಮೊಳೆ ಆಯ್ದು, ತಿರುಗುಮುರುಗಾಗಿ ಜೋಡಿಸಿ, ಒಂದು ಪ್ರತಿ ತೆಗೆದು ತಪ್ಪು ತಿದ್ದಿ, ಅಚ್ಚು ಹಾಕಿ, ಆಮ್ಯಾಲ ಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಅವುಗಳ ಖಾನೆಗೆ ಹಾಕಬೇಕು. ಒತ್ತಕ್ಷರ ಇರುವ ಕನ್ನಡಕ್ಕೆ ಇದು ಇನ್ನೂ ತ್ರಾಸು. ಕಾಗದ, ಮಸಿ, ಆಳಿನ ಪಗಾರ, ಅಂಚೆ ಖರ್ಚು ತಿಂಗಳು ತಿಂಗಳು ಬಂದು ನಿಲ್ಲುತ್ತವೆ. ವಕೀಲಿಯಲ್ಲಿ ಬಂದದ್ದು ಇತ್ತ ಹರಿದು ಹೋಯಿತು.

1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯಿತು. ಮೊದಲು ಮೂರು ತಿಂಗಳಿಗೊಮ್ಮೆ, ಮುಂದೆ ತಿಂಗಳಿಗೊಮ್ಮೆ. ಮರುವರ್ಷ ನವಕರ್ನಾಟಕ ಅನ್ನೋ ವಾರಪತ್ರಿಕೆ. ಶಿವಾನುಭವ ಸುಮಾರು 35 ವರ್ಷ ನಡೀತು. ಓಲೆಯಾಗ ಸಿಕ್ಕದ್ದನ್ನು ಅದರಲ್ಲಿ ಕಂತು ಕಂತಾಗಿ ಹಾಕುತ್ತಾ ಹೋದರು. ಪೂರ್ತಿ ಸಿದ್ಧ ಆಗಲಿ, ದೊಡ್ಡ ಗ್ರಂಥ ಮಾಡೋಣ ಅಂತ ಇಟ್ಟುಕೊಂಡು ಕುಂತವರಲ್ಲ. ಸಿಕ್ಕಿತು, ತಿದ್ದಿದರು, ಮಂದಿಗೆ ಕೊಟ್ಟರು. ಶೂನ್ಯಸಂಪಾದನೆ, ಹರಿಹರನ ರಗಳೆಗಳು, ಶರಣ-ಶರಣೆಯರ ವಚನಗಳು, ಅವರ ಚರಿತ್ರೆಗಳು ಹೀಗೇ ಒಂದರ ಹಿಂದೊಂದು ಹೊರಬಂದವು.

ಈ ಅವಸರಕ್ಕೆ ಒಂದು ಬೆಲೆಯೂ ಇತ್ತು. ಹಿಂದಿನಿಂದ ಬಂದ ವಿದ್ವಾಂಸರು ಹಳಕಟ್ಟಿಯವರ ಪ್ರತಿಗಳಲ್ಲಿ ಪಾಠದ ತಪ್ಪು ತೋರಿಸಿದ್ದಾರೆ. ಎಲ್ಲಾ ಓಲೆಗಳನ್ನು ಎದುರಿಟ್ಟು ಅಕ್ಷರ ಅಕ್ಷರ ತಾಳೆ ನೋಡುವ ಶಾಸ್ತ್ರೀಯ ಪದ್ಧತಿ ಅವರಲ್ಲಿ ಪೂರ್ತಿ ಇದ್ದಿಲ್ಲ ಅನ್ನೋದು ಖರೆ. ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ ಅಂಥವರು ಮುಂದೆ ಹೆಚ್ಚು ಎಚ್ಚರದಿಂದ ಅದನ್ನು ಮಾಡಿದರು. ಆದರೆ ನಮ್ಮ ಅನಿಸಿಕೆ ಹೇಳಬೇಕಂದರೆ, ತಪ್ಪು ತಿದ್ದಲಿಕ್ಕೆ ಮೊದಲು ಎದುರಿಗೆ ಒಂದು ಪುಸ್ತಕ ಇರಬೇಕಲ್ಲ. ಅದನ್ನು ಇಟ್ಟವರು ಇವರು. ಒಬ್ಬ ವಕೀಲ, ಯಾವ ವಿಶ್ವವಿದ್ಯಾಲಯದ ಪಗಾರವೂ ಇಲ್ಲದೆ, ಸಹಾಯಕ್ಕೆ ದೊಡ್ಡ ತಂಡವೂ ಇಲ್ಲದೆ ಮಾಡಿದ ಕೆಲಸ ಇದು.

ಪುಸ್ತಕ ಅಷ್ಟೇ ಹಿಡಕೊಂಡು ಕುಂತಿದ್ದಿಲ್ಲ ಅವರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. ಬಂಥನಾಳ ಶಿವಯೋಗಿಗಳು, ಬಿ.ಎಂ. ಪಾಟೀಲರಂಥವರ ಕೈಯಲ್ಲಿ ಅದು ಮುಂದೆ ದೊಡ್ಡ ಗಿಡವಾಯಿತು. 1912ರ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಹಿಂದೆಯೂ ಇವರೇ. ಪೇಟೆಯ ಎಷ್ಟೋ ಅಂಗಡಿಗಳ ಖಾತೆ ಆ ಬ್ಯಾಂಕಿನಲ್ಲಿ ಅದ, ಆದರೆ ಪಾಸ್‌ಬುಕ್ ತೆಗೆದಾಗ ವಚನದ ಹಳಕಟ್ಟಿಯವರು ನೆನಪಾಗೋದಿಲ್ಲ. ನಗರಸಭೆ, ಮುಂಬೈ ಶಾಸನಸಭೆ, ಬರ ನಿವಾರಣೆ ಕೆಲಸ ಎಲ್ಲದರಲ್ಲೂ ಇದ್ದರು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮಂದಿ ವಚನ ಪಿತಾಮಹ ಅಂದರು, ವಚನ ಗುಮ್ಮಟ ಅಂದರು. ಗೋಲಗುಮ್ಮಟದ ಊರಾಗ ಇದಕ್ಕಿಂತ ದೊಡ್ಡ ಬಿರುದು ಇನ್ನೇನು ಕೊಡಲಿಕ್ಕೆ ಸಾಧ್ಯ?

1964ರ ಜೂನ್ 29ರಂದು ವಿಜಯಪುರದಲ್ಲೇ ತೀರಿಕೊಂಡರು. ಇನ್ನು ಮೂರು ದಿನ ಕಳೆದಿದ್ದರೆ 84 ತುಂಬುತ್ತಿತ್ತು.

ಅವರು ಹಾಕಿದ ಬೀಜ ಆಮ್ಯಾಲ ಹೆಂಗ ಬೆಳೀತು ಅಂದರೆ, 1993ರಲ್ಲಿ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ತಂದಿತು. ಇವತ್ತು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ ಮೊಬೈಲಿನಲ್ಲೇ ಪುಕ್ಕಟೆ ಹುಡುಕಿ ಓದಬಹುದು. ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನಾ ಕೇಂದ್ರ ಅವರ ಬರಹಗಳನ್ನು ಕೂಡಿಸಿ ಸಂಪುಟಗಳಾಗಿ ಹೊರತಂದಿದೆ.

ಇನ್ನೊಂದು ಸುದ್ದಿ ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನವರಿಗೂ ಸಾಲಿ ಮಾಸ್ತರರಿಗೂ ಉಪಯೋಗ ಆಗುವಂಥದ್ದು. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಿದ ಮ್ಯಾಲ ಅವರ ಬರಹದ ಮೇಲಿನ ಹಕ್ಕು ಮುಗೀತದ. ಆ ಲೆಕ್ಕದಲ್ಲಿ 2025ರ ಜನವರಿ 1ರಿಂದ ಹಳಕಟ್ಟಿಯವರು ತಾವು ಬರೆದು ಬದುಕಿದ್ದಾಗಲೇ ಪ್ರಕಟಿಸಿದ ಬರಹ ಎಲ್ಲರದು. ಯಾರ ಅಪ್ಪಣೆಯೂ ಬೇಕಿಲ್ಲ, ಅಚ್ಚು ಹಾಕಬಹುದು, ಸಣ್ಣ ಪುಸ್ತಕ ಮಾಡಿ ಹಂಚಬಹುದು, ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕಳಿಸಬಹುದು. ಒಂದು ಎಚ್ಚರ: ಅವರ ಪತ್ರಿಕೆಯಲ್ಲಿ ಬೇರೆಯವರು ಬರೆದ ಲೇಖನಕ್ಕೆ ಆ ಲೇಖಕರ ಲೆಕ್ಕವೇ ಬೇರೆ. ಈಗಿನ ವಿದ್ವಾಂಸರು ಬರೆದ ಮುನ್ನುಡಿ, ಟಿಪ್ಪಣಿಗಳದೂ ಹಾಗೇ.

ದೀಪಾವಳಿಗೆ, ಇಲ್ಲಾ ಸಂಕ್ರಾಂತಿ ಜಾತ್ರಿ ಮುಂದ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮ್ಯಾಲಿನ ಟ್ರಂಕಿನಲ್ಲಿ ಹಳೇ ಶಿವಾನುಭವ ಸಂಚಿಕೆಯೋ, ಹಿತಚಿಂತಕ ಅಂತ ಅಚ್ಚಾದ ಪುಸ್ತಕವೋ ಸಿಕ್ಕರೆ ರದ್ದಿಯವರ ತಕ್ಕಡಿಗೆ ಹಾಕಬ್ಯಾಡ್ರಿ. ಆ ಕಾಗದ ಮುಟ್ಟಿದರೆ ಮುರೀತದ, ಹಗುರಾಗಿ ಹಿಡೀರಿ. ಓಲೆಕಟ್ಟು ಇದ್ದರಂತೂ ನೀರು ಹಚ್ಚಿ ಒರೆಸಲಿಕ್ಕೆ ಹೋಗಬ್ಯಾಡ್ರಿ, ದಾರ ಬಿಚ್ಚಬ್ಯಾಡ್ರಿ. ಕೊಡಲಿಕ್ಕೆ ಮನಸ್ಸಿಲ್ಲದಿದ್ದರೂ ನಡೀತದ, ಓಲೆ ಬಲ್ಲವರಿಗೆ ಒಮ್ಮೆ ತೋರಿಸಿ ಫೋಟೋ ತೆಗೆಯಲಿಕ್ಕೆ ಬಿಡ್ರಿ. ಆಮ್ಯಾಲ ಮತ್ತೆ ಜಗಲಿ ಮ್ಯಾಲ ಇಟ್ಟು ಪೂಜೆ ಮಾಡಿದರೆ ಯಾರೂ ಬ್ಯಾಡ ಅನ್ನೋದಿಲ್ಲ.