ದಿವಾನ್ ರಂಗಾಚಾರ್ಲು: ಇಪ್ಪತ್ತೆರಡು ತಿಂಗಳ ಆಡಳಿತ

ಮೈಸೂರಿನ ಪುರಭವನದ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಮನಸ್ಸಿಗೆ ಒಂದು ಬಗೆಯ ನಾಚಿಕೆಯುಂಟಾಗುತ್ತದೆ. ಆ ಕಟ್ಟಡಕ್ಕೆ ರಂಗಾಚಾರ್ಲು ಅವರ ಹೆಸರಿದೆ. ಬಹುಕಾಲ ಇತಿಹಾಸವನ್ನು ಬೋಧಿಸಿದ ನಾನು, ಆ ಹೆಸರಿನವರು ಯಾರೆಂದು ವಿದ್ಯಾರ್ಥಿಯೊಬ್ಬನು ಅಲ್ಲಿಯೇ ನಿಂತು ಕೇಳಿದಾಗ, ಹಿಂದಿನ ಒಬ್ಬ ದಿವಾನರೆಂದಷ್ಟೇ ಹೇಳಿ ಮುಂದೆ ನಡೆದುಬಿಟ್ಟೆ. ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಇಂದು ಸಲ್ಲಿಸುತ್ತಿದ್ದೇನೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವನ್ನು ಇಂಗ್ಲಿಷರು ಕಸಿದುಕೊಂಡದ್ದು 1831ರಲ್ಲಿ. ಅದೇ ವರ್ಷ ದೂರದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ರಂಗಾಚಾರ್ಲು ಹುಟ್ಟಿದರು. ಅಂದು ಕೈತಪ್ಪಿದ ರಾಜ್ಯ ಐವತ್ತು ವರ್ಷಗಳ ಅನಂತರ ಒಡೆಯರ ಮನೆತನಕ್ಕೆ ಮರಳಿ ಬಂದಾಗ, ಅದನ್ನು ನಡೆಸುವ ಹೊಣೆ ಈ ಮನುಷ್ಯನ ಹೆಗಲಿಗೇ ಬಂದಿತು. ಕಾಕತಾಳೀಯವೆಂದು ಬೇಕಾದರೆ ಹೇಳಬಹುದು. ನನಗೆ ಮಾತ್ರ ಈ ಎರಡು ವರ್ಷಗಳನ್ನು ಜೊತೆಗಿಟ್ಟು ನೋಡುವ ಆಸೆ.

ಅವರು ಮದರಾಸು ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಕೆಲಸಕ್ಕೆ ಸೇರಿ, ಡೆಪ್ಯುಟಿ ಕಲೆಕ್ಟರರ ಪದವಿಯವರೆಗೆ ಏರಿದವರು. 1868ರಲ್ಲಿ ಮುಮ್ಮಡಿಯವರು ಕಾಲವಾದ ಮೇಲೆ ಅರಮನೆಯ ವ್ಯವಹಾರಗಳನ್ನು ಸರಿಪಡಿಸುವ ಕೆಲಸಕ್ಕಾಗಿ ಮೈಸೂರಿಗೆ ಬಂದರು. ದಸ್ತರಗಳ ನಡುವೆ ಬೆಳೆದವರಿಗೆ ಆಡಳಿತದ ಒಳಗುಟ್ಟು ತಿಳಿಯದಿರುತ್ತದೆಯೆ? 1874ರಲ್ಲಿ ಅವರು ಇಂಗ್ಲಿಷಿನಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಮೈಸೂರಿನಲ್ಲಿ ನಡೆದಿದ್ದ ಬ್ರಿಟಿಷ್ ಆಡಳಿತವನ್ನು ನೇರವಾಗಿ ಟೀಕಿಸಿದರು. ದೊಡ್ಡ ಸಂಬಳದ ಪರದೇಶೀಯ ಅಧಿಕಾರಿಗಳ ಭಾರವನ್ನು ಈ ಸೀಮೆಯ ರಯತನು ಹೊರಬೇಕಾಗಿತ್ತೆಂಬುದು ಅವರ ವಾದದ ತಿರುಳು. ಆ ಅಧಿಕಾರಿಗಳ ಕೈಕೆಳಗೆ ಇದ್ದುಕೊಂಡೇ ಹೀಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು.

1881ನೆಯ ಮಾರ್ಚ್ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಒಪ್ಪಿಸಿದಾಗ ರಂಗಾಚಾರ್ಲು ದಿವಾನರಾದರು. ಎಂತಹ ರಾಜ್ಯ ಅದು! 1876ರಿಂದ 1878ರವರೆಗಿನ ಕ್ಷಾಮ ನಾಡನ್ನು ಹಿಂಡಿಹಾಕಿತ್ತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದೊಳಗೆ ಇಳಿದಿತ್ತು. ಬೊಕ್ಕಸದಲ್ಲಿ ಹಣವಿರಲಿಲ್ಲ, ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲ ಸಲ್ಲಬೇಕಾಗಿತ್ತು. ವರ್ಷವರ್ಷವೂ ಕೊಡಬೇಕಾದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸುವುದೆಂದು ಕರಾರಾಗಿತ್ತು. ಕ್ಷಾಮದ ಕಾರಣದಿಂದ ಆ ಹೆಚ್ಚಳಕ್ಕೆ ಐದು ವರ್ಷಗಳ ವಾಯಿದೆ ದೊರೆತದ್ದೇ ಒಂದು ಸಮಾಧಾನ.

ಇಂತಹ ಇಕ್ಕಟ್ಟಿನಲ್ಲಿ ಅವರು ಮೊದಲು ಮಾಡಿದ್ದು ವೆಚ್ಚದ ಕಡಿತ. ಎಂಟು ಜಿಲ್ಲೆಗಳಲ್ಲಿ ಹಾಸನ, ಚಿತ್ರದುರ್ಗಗಳೆರಡನ್ನೂ ತೆಗೆದುಹಾಕಿ ಆರಕ್ಕೆ ಇಳಿಸಿದರು. ಕೆಲವು ತಾಲ್ಲೂಕುಗಳನ್ನೂ ಕುಗ್ಗಿಸಿದರು. ಲೆಕ್ಕದ ಪುಸ್ತಕದಲ್ಲಿ ಇದು ಉಳಿತಾಯವೇ ಸರಿ. ಆದರೆ ಜಿಲ್ಲೆಯ ಕಚೇರಿ ದೂರವಾದಷ್ಟೂ ಬಡ ರಯತನ ಅರ್ಜಿಯೂ ದೂರವಾಗುತ್ತದೆಂಬುದನ್ನು ಮರೆಯುವಂತಿಲ್ಲ. ಮುಂದೆ ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1886ರಲ್ಲಿ, ಆ ಎರಡು ಜಿಲ್ಲೆಗಳನ್ನೂ ಮತ್ತೆ ಸ್ಥಾಪಿಸಬೇಕಾಯಿತು. ರಂಗಾಚಾರ್ಲು ಅವರನ್ನು ಮೆಚ್ಚುವವರು ಈ ಮಾತನ್ನು ಮರೆಮಾಚಬೇಕಾಗಿಲ್ಲ. ಆಡಳಿತವನ್ನು ಹಗುರಗೊಳಿಸುವುದು ಬೇರೆ, ಬಲಪಡಿಸುವುದು ಬೇರೆ.

ಅದನ್ನು ಬಲಪಡಿಸುವ ಕೆಲಸವನ್ನು ಅವರು ಇನ್ನೊಂದು ದಾರಿಯಿಂದ ಮಾಡಿದರು. ಅದೇ ಪ್ರಜಾಪ್ರತಿನಿಧಿ ಸಭೆ. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ತಾಲ್ಲೂಕು ತಾಲ್ಲೂಕುಗಳಿಂದ ಬಂದ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ದೇಶೀಯ ಸಂಸ್ಥಾನಗಳಲ್ಲಿ ಅಂತಹ ಸಭೆ ಅದೇ ಮೊದಲು. ದಿವಾನರು ರಾಜ್ಯದ ಆದಾಯವೆಷ್ಟು, ವೆಚ್ಚವೆಷ್ಟು, ಮುಂದೆ ಮಾಡಬೇಕೆಂದಿರುವುದೇನು ಎಂಬುದನ್ನು ಅವರ ಮುಂದೆ ಬಿಚ್ಚಿಟ್ಟರು. ಅವರ ಅಹವಾಲುಗಳನ್ನು ಕೇಳಿದರು.

ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಹಣವನ್ನು ತಡೆಹಿಡಿಯುವ ಹಕ್ಕಿರಲಿಲ್ಲ. ಸದಸ್ಯರನ್ನು ಆಗ ಜನರು ಚುನಾಯಿಸಿದ್ದೂ ಅಲ್ಲ. ಬಂದವರು ಹೆಚ್ಚಾಗಿ ಜಮೀನುದಾರರು, ವರ್ತಕರು. ಕೂಲಿಯವನಿಗೆ ಅಲ್ಲಿ ಸ್ಥಳವಿರಲಿಲ್ಲ. ಇದು ಬರಿಯ ದಸರೆಯ ಅಲಂಕಾರವೆಂದು ಯಾರಾದರೂ ಹೇಳಿದರೆ ಅದಕ್ಕೆ ಆಧಾರವಿಲ್ಲದಿಲ್ಲ. ನಾನೂ ಒಮ್ಮೆ ಹಾಗೆಯೇ ಎಣಿಸಿದ್ದೆ. ಆದರೆ ಐವತ್ತು ವರ್ಷಗಳ ಕಮಿಷನರ ಆಡಳಿತದಲ್ಲಿ ಲೆಕ್ಕವೆಲ್ಲ ಮೇಲಕ್ಕೆ, ಕಲ್ಕತ್ತೆಗೆ, ಹೋಗುತ್ತಿತ್ತು. ಕಂದಾಯ ಕೊಟ್ಟವನಿಗೆ ಅದನ್ನು ಒಪ್ಪಿಸುವ ವಾಡಿಕೆ ಇರಲಿಲ್ಲ. ಆ ವಾಡಿಕೆಗೆ ಮೊದಲಾದದ್ದು ಇಲ್ಲಿಂದ. ತನ್ನ ತಾಲ್ಲೂಕಿನ ದೂರು ದಿವಾನರ ಮುಂದೆ ಸಭೆಯಲ್ಲೇ ಹೊರಬೀಳಬಹುದೆಂದು ತಿಳಿದ ಅಮಲ್ದಾರನು, ಆ ದೂರನ್ನು ಮೊದಲಿನಂತೆ ಕಡತದಲ್ಲಿ ಹೂತಿಡಲು ಹಿಂದೆಮುಂದೆ ನೋಡಲೇಬೇಕಷ್ಟೆ.

ಕ್ಷಾಮದ ಪರಿಹಾರಕ್ಕೆಂದು ಮೊದಲಾಗಿದ್ದ ಬೆಂಗಳೂರು–ಮೈಸೂರು ರೈಲುದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಅದೇ ವರ್ಷದ ದಸರೆಯಲ್ಲಿ ಸಭೆ ಎರಡನೆಯ ಬಾರಿ ಸೇರಿತು. ಮೂರನೆಯದನ್ನು ನೋಡುವ ಭಾಗ್ಯ ಅದನ್ನು ಹುಟ್ಟಿಸಿದವರಿಗೆ ಇರಲಿಲ್ಲ. 1883ರ ಜನವರಿ 20ರಂದು ರಂಗಾಚಾರ್ಲು ಮದರಾಸಿನಲ್ಲಿ ತೀರಿಕೊಂಡರು. ದಿವಾನಗಿರಿ ಪೂರ್ತಿ ಇಪ್ಪತ್ತೆರಡು ತಿಂಗಳೂ ಆಗಿರಲಿಲ್ಲ.

ಅವರು ಕಡಿದ ಜಿಲ್ಲೆಗಳು ಮತ್ತೆ ಚಿಗುರಿದವು. ಅವರು ನೆಟ್ಟ ಸಭೆಯೂ ಬೆಳೆಯಿತು. 1891ರಲ್ಲಿ ಅದಕ್ಕೆ ಚುನಾವಣೆ ಬಂದಿತು. ಅದೇ ಕಾಲದಲ್ಲಿ ಶೇಷಾದ್ರಿ ಅಯ್ಯರ್ ಅವರು ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆಯನ್ನು ಏರ್ಪಡಿಸಿದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಜೊತೆಗೂಡಿತು. 1923ರಲ್ಲಿ ಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಯೋಗ್ಯರಾದ ಅಧಿಕಾರಿಗಳು ಒಂದು ಕಡೆ, ಅವರನ್ನು ಕೇಳುವ ಜನ ಇನ್ನೊಂದು ಕಡೆ: ಈ ಎರಡೂ ಇದ್ದುದರಿಂದಲೇ ಅಣೆಕಟ್ಟು, ವಿದ್ಯುತ್ತು, ಶಾಲೆಗಳ ವಿಷಯದಲ್ಲಿ ಮೈಸೂರಿಗೆ ಹೆಸರು ಬಂದಿತೆಂದು ನಾನು ತಿಳಿದಿದ್ದೇನೆ.

ಆ ವಿದ್ಯಾರ್ಥಿ ಈಗ ಎಲ್ಲಿರುವನೋ ಕಾಣೆ. ಯಾವುದೋ ಒಂದು ಕಚೇರಿಯಲ್ಲಿ ಅಧಿಕಾರಿಯಾಗಿ ಕುಳಿತಿದ್ದರೆ, ಬಾಗಿಲಲ್ಲಿ ನಿಂತ ಅರ್ಜಿದಾರನು ಏನನ್ನಾದರೂ ಕೇಳಿದಾಗ ಅವನು ನನ್ನಂತೆ ಅರ್ಧ ಉತ್ತರ ಕೊಟ್ಟು ಮುಂದೆ ನಡೆಯದಿರಲಿ. ರಂಗಾಚಾರ್ಲು ಅವರು ಯಾರೆಂಬ ಪ್ರಶ್ನೆಗೆ ನಾನು ಈಗ ಕೊಡಬಲ್ಲ ಉತ್ತರ ಇಷ್ಟೇ: ಲೆಕ್ಕ ಒಪ್ಪಿಸುವುದು ಅಧಿಕಾರದ ಕರ್ತವ್ಯವೆಂದು ಈ ನಾಡಿಗೆ ಕಲಿಸಿದವರು ಅವರು.