ಸ್ಯಾಮ್ಯುಅಲ್ ಪೀಪ್ಸ್

ಲಂಡನ್ನಿನ ದರ್ಜಿಯೊಬ್ಬನ ಮಗನಾಗಿ ೧೬೩೩ರಲ್ಲಿ ಜನಿಸಿದ ಪೀಪ್ಸ್, ೧೬೬೦ರಲ್ಲಿ ಇಂಗ್ಲೆಂಡಿನ ನೌಕಾಮಂಡಲಿಯ ಕಾರ್ಯದರ್ಶಿಯಾದಾಗ ಹಡಗುಗಳ ವಿಷಯವನ್ನೇ ಅರಿಯನು. ಮರದ ದಿಮ್ಮಿಗಳ ಅಳತೆಯಲ್ಲಿ ವ್ಯಾಪಾರಿಗಳು ಸರಕಾರವನ್ನು ವಂಚಿಸುತ್ತಿದ್ದರು. ಅದನ್ನು ಹಿಡಿಯಲು ಲೆಕ್ಕ ಬೇಕು. ಕೇಂಬ್ರಿಡ್ಜಿನ ಈ ಪದವೀಧರನಿಗೋ ಮಗ್ಗಿಯೇ ಬಾರದು! ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನಸುಕಿನಲ್ಲೆದ್ದು, ‘ರಾಯಲ್ ಚಾರ್ಲ್ಸ್’ ಹಡಗಿನ ನಾವಿಕನೊಬ್ಬನಿಂದ ಅದನ್ನು ಕಲಿತನು. ಹಗ್ಗ, ಡಾಂಬರು, ಹಾಯಿಬಟ್ಟೆಗಳನ್ನು ತಾನೇ ನಿಂತು ಪರೀಕ್ಷಿಸಿದನು.

ಆದರೆ ಬೊಕ್ಕಸ ಬರಿದಾಗಿತ್ತು. ನಾವಿಕರಿಗೆ ಸಂಬಳದ ಬದಲು ಚೀಟಿ ದೊರೆಯುತ್ತಿತ್ತು. ಅವರ ಹೆಂಡಿರು ಕಚೇರಿಯ ಅಂಗಳದಲ್ಲಿ ಗೋಳಿಡುತ್ತಿದ್ದರು. ೧೬೬೭ರಲ್ಲಿ ಡಚ್ಚರು ಮೆಡ್‌ವೇ ನದಿಯೊಳಕ್ಕೆ ನುಗ್ಗಿದಾಗ, ಸಂಬಳ ಕಾಣದ ಇಂಗ್ಲಿಷ್ ನಾವಿಕರೇ ಕೆಲವರು ಅವರ ಹಡಗುಗಳಲ್ಲಿದ್ದರು. ಬರಿಯ ಫಿರಂಗಿಗಳಿಂದ ಬಂದ ಸೋಲಲ್ಲ ಅದು. ಡಚ್ಚರು ಸೆಳೆದೊಯ್ದ ಹಡಗುಗಳಲ್ಲಿ ‘ರಾಯಲ್ ಚಾರ್ಲ್ಸ್’ ಸಹ ಒಂದು.

ಪೀಪ್ಸನು ಎದೆಗುಂದಲಿಲ್ಲ. ಶ್ರೀಮಂತರ ಮಕ್ಕಳಾದರೂ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಲೆಫ್ಟಿನೆಂಟರಾಗಬಾರದೆಂಬ ನಿಯಮವನ್ನು ೧೬೭೭ರಲ್ಲಿ ಜಾರಿಗೆ ತಂದನು.