ಬೀರಿನ ಒಡೆತನ: ವಿಠ್ಠಲ ಮಲ್ಯರ ಬದುಕು

ಸೋಸಲೆಯೆಂದೊಡನೆ ವಿದ್ಯಾವಂತರಿಗೆ ಮೊದಲು ನೆನಪಾಗುವುದು ವ್ಯಾಸರಾಜಮಠ; ಅನಂತರ ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಅಯ್ಯಾಶಾಸ್ತ್ರಿಗಳು. ಅಂಥ ಊರಿನ ಹೆಸರು ಹೇಳಿ ಬೀರಿನ ಮಾತು ತೆಗೆಯುವುದು ಕೆಲವರಿಗೆ ಅಪಚಾರವಾಗಿ ತೋರಬಹುದು. ಆದರೆ ಸೋಸಲೆಗೆ ಸಮೀಪದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಕಪಿಲೆ ನಂಜನಗೂಡನ್ನು ಹಾದುಬರುವ ನದಿ. ಆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇಂದು ಬೀರನ್ನು ತಯಾರಿಸುತ್ತಾರೆ. ಸುತ್ತಣ ಪೇಟೆಗಳಲ್ಲಿ ಸಂಜೆ ಕಲೆಯುವ ಗೆಳೆಯರ ನಡುವೆ ನಮ್ಮ ಬೀರು ಮೇಲೋ, ಹೊರದೇಶದ್ದು ಮೇಲೋ ಎಂಬ ವಾದವೂ ಇದ್ದೇ ಇರುತ್ತದೆ. ಒಬ್ಬನಿಗೆ ಹಗುರವಾದದ್ದು ಪ್ರಿಯ, ಇನ್ನೊಬ್ಬನಿಗೆ ಕಹಿಯಾದದ್ದು. ಮತ್ತೊಬ್ಬನು ವಿದೇಶದ ಹೆಸರೊಂದಿದ್ದರೆ ಇಮ್ಮಡಿ ಬೆಲೆಗೂ ಹಿಂಜರಿಯನು. ಈ ವಾದದ ಹಿಂದೆ ಒಬ್ಬ ಮಿತಭಾಷಿಯ ಜೀವನಚರಿತ್ರೆಯಿದೆ. ಕುಡಿಯುವವರಿಗೂ ಕುಡಿಯದವರಿಗೂ ಅದು ತಿಳಿದಿರತಕ್ಕದ್ದು.

ನಮ್ಮ ಸಾಹಿತ್ಯಕ್ಕೆ ಪರಿಚಿತವಾದುದು ಹೆಂಡ. ರಾಜರತ್ನಂ ಅವರ ರತ್ನನು ಅದಕ್ಕೊಂದು ಕಾವ್ಯಲೋಕವನ್ನೇ ಕಟ್ಟಿಕೊಂಡನು. ಬೀರು ಮಾತ್ರ ಇಂಗ್ಲಿಷರ ದಂಡಿನ ಹಿಂದೆ ಬಂದದ್ದು. ಪೀಪಾಯಿಗಳಲ್ಲಿ ತುಂಬಿದ ಬೀರು ಆಫ್ರಿಕದ ತುದಿಯನ್ನು ಸುತ್ತಿ, ತಿಂಗಳುಗಟ್ಟಲೆ ಹಡಗಿನಲ್ಲಿ ತೂಗಾಡಿ ಇಲ್ಲಿಗೆ ತಲಪಬೇಕಾಗಿತ್ತು. ದಾರಿಯಲ್ಲಿ ಕೆಡದಿರಲೆಂದು ಅದಕ್ಕೆ ಹಾಪ್ಸ್ ಎಂಬ ಕಹಿಹೂವನ್ನು ಹೆಚ್ಚಾಗಿ ಬೆರೆಸುತ್ತಿದ್ದರು. ಇಲ್ಲಿಯೇ ತಯಾರಿಸೋಣವೆಂದರೆ ನಮ್ಮ ಬಿಸಿಲು ಅಡ್ಡಿ. ಬೀರು ಹದವಾಗಿ ಹುಳಿಯಲು ತಂಪು ಬೇಕು. ಆದುದರಿಂದ ಈ ಉದ್ಯಮ ಮೊದಲು ಬೇರೂರಿದ್ದು ನೀಲಗಿರಿಯಂಥ ಬೆಟ್ಟಗಳಲ್ಲಿ, ಬೆಂಗಳೂರಿನಂಥ ತಂಪಾದ ದಂಡುಪ್ರದೇಶಗಳಲ್ಲಿ. ದಕ್ಷಿಣದ ಇಂಥ 5 ತಯಾರಿಕಾ ಸಂಸ್ಥೆಗಳನ್ನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು 1915ರಲ್ಲಿ ಒಂದುಗೂಡಿಸಿದನು. ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು ಹಾಗೆ. ಅದರ ಬೀರು ದೊಡ್ಡ ಪೀಪಾಯಿಗಳಲ್ಲಿ ಬ್ರಿಟಿಷ್ ಪಡೆಗಳಿಗೆ ಹೋಗುತ್ತಿತ್ತು. ತಯಾರಿಕೆ ನಮ್ಮ ನೆಲದಲ್ಲಿ, ಒಡೆತನ ಅವರದು, ಕುಡಿಯುವವರೂ ಬಹುಮಟ್ಟಿಗೆ ಅವರೇ.

ವಿಠ್ಠಲ ಮಲ್ಯರು ಹುಟ್ಟಿದ್ದು 1924ರ ಫೆಬ್ರವರಿ 8ರಂದು, ದೂರದ ಢಾಕಾ ನಗರದಲ್ಲಿ. ಮನೆತನದ ಮೂಲ ಮಾತ್ರ ದಕ್ಷಿಣ ಕನ್ನಡದ ಬಂಟವಾಳ. ತಂದೆ ಗಣಪತಿ ಮಲ್ಯರು ಸೈನ್ಯದಲ್ಲಿ ವೈದ್ಯರಾಗಿದ್ದರು. ಬಾಲಕನ ವಿದ್ಯಾಭ್ಯಾಸ ಡೆಹರಾಡೂನಿನ ಡೂನ್ ಶಾಲೆಯಲ್ಲಿಯೂ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ನಡೆಯಿತು. ವೈದ್ಯನ ಮಗ ವೈದ್ಯನಾಗಲಿಲ್ಲ, ಅಧಿಕಾರಿಯೂ ಆಗಲಿಲ್ಲ. ಅವರ ಕಣ್ಣು ಕಂಪನಿಗಳ ಆಯವ್ಯಯದ ಪಟ್ಟಿಗಳ ಮೇಲೆ ನೆಟ್ಟಿತು.

1946–47ರ ಆ ದಿನಗಳನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಇಂಗ್ಲಿಷರು ಹೊರಡುವುದು ನಿಶ್ಚಯವಾಗಿತ್ತು. ದಂಡಿನವರು ಹೋದಮೇಲೆ ದಂಡಿನ ಪಾನೀಯಕ್ಕೆ ಗಿರಾಕಿಗಳು ಯಾರು? ಅಂಥ ಕಾಲದಲ್ಲಿ ಈ ತರುಣರು ಯುನೈಟೆಡ್ ಬ್ರೂವರೀಸಿನ ಷೇರುಗಳನ್ನು ಸದ್ದಿಲ್ಲದೆ ಕೊಳ್ಳತೊಡಗಿದರು. 1947ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಒಂದು ವರ್ಷದ ಬಳಿಕ ಅಧ್ಯಕ್ಷಪೀಠದಿಂದ ಇಂಗ್ಲಿಷನು ಇಳಿದು ಮಲ್ಯರು ಏರಿದರು.

ಸ್ಥಾನ ದೊರೆತ ಗಳಿಗೆ ಮಾತ್ರ ಅನುಕೂಲವಾದುದಲ್ಲ. ಮದರಾಸು ಪ್ರಾಂತದಲ್ಲೆಲ್ಲ 1948ರಲ್ಲಿ ಪಾನನಿರೋಧ ಜಾರಿಗೆ ಬಂದಿತು. ಆಗ ಬಂಟವಾಳ ಸೇರಿದ್ದುದು ಆ ಪ್ರಾಂತಕ್ಕೇ. ಎಂದರೆ ಮಲ್ಯರ ಸರಕು ಅವರ ಹಿರಿಯರ ಊರಿನಲ್ಲಿಯೇ ನಿಷಿದ್ಧವಾಯಿತು. ಸೋಸಲೆಯ ನೆರೆಯ ಕೊಳ್ಳೇಗಾಲವೂ ಅಂದು ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದು ಅದೇ ಕಾಯಿದೆಗೆ ಒಳಪಟ್ಟಿತ್ತು. 1950ರ ಸಂವಿಧಾನ ತನ್ನ 47ನೆಯ ಅನುಚ್ಛೇದದಲ್ಲಿ ಪಾನನಿರೋಧವನ್ನು ರಾಜ್ಯದ ಗುರಿಗಳಲ್ಲೊಂದನ್ನಾಗಿ ಇರಿಸಿತು. ಇದರ ಹಿಂದಿದ್ದುದು ಕೆಲವರ ಹಟವಲ್ಲ. ಕುಡಿತದಿಂದ ಒಡೆದ ಸಂಸಾರಗಳ ಕಣ್ಣೀರನ್ನು ಕಂಡವರ ವಿವೇಕ. ಈ ಆಕ್ಷೇಪಣೆಯನ್ನು ಮರೆತು ಮಲ್ಯರ ಚರಿತ್ರೆಯನ್ನು ಬರೆಯುವುದು ನ್ಯಾಯವಾಗದು.

ಆದರೂ ಅವರು ಹಿಂದೆಗೆಯಲಿಲ್ಲ. ಇತರರು ಭಯದಿಂದ ಮಾರುವಾಗ ಅಗ್ಗವಾಗಿ ಕೊಳ್ಳುವುದು ಅವರ ನೀತಿಯಾಗಿತ್ತು. 1951ರಲ್ಲಿ ಮದರಾಸಿನ ಹಳೆಯ ಮ್ಯಾಕ್‌ಡೋವೆಲ್ ಸಂಸ್ಥೆ ಅವರ ಕೈಸೇರಿತು. 1952ರಲ್ಲಿ ಬೆಂಗಳೂರಿಗೆ ಬಂದು ನೆಲಸಿದರು. ಅಬಕಾರಿ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಗಡಿ ದಾಟಿಸಿದರೆ ಸುಂಕ. ಆದಕಾರಣ ಸರಕನ್ನು ಸಾಗಿಸುವುದಕ್ಕಿಂತ ಹೊರರಾಜ್ಯಗಳಲ್ಲಿಯೇ ಕಾರ್ಖಾನೆಗಳನ್ನು ಹೊಂದುವುದು ಲೇಸಾಗಿತ್ತು. ಒಂದೇ ಉದ್ಯಮವನ್ನು ನೆಚ್ಚಿ ಕೂಡದೆ, ಹಣ್ಣಿನ ಜಾಮನ್ನು ಮಾಡುವ ಕಿಸಾನ್ ಕಂಪನಿಯಂಥ ಇತರ ಸಂಸ್ಥೆಗಳನ್ನೂ ಕೊಂಡರು. ಮದ್ಯಕ್ಕೆ ಬಾಗಿಲು ಮುಚ್ಚಿದರೂ ಮನೆ ನಿಲ್ಲಬೇಕೆಂಬ ದೂರಾಲೋಚನೆ ಅದರಲ್ಲಿತ್ತು.

ಇನ್ನು ರುಚಿಯ ಮಾತು. ನಾಡಬೀರು ವಿದೇಶದ ಬೀರನ್ನು ರುಚಿಯಿಂದಲೇ ಗೆದ್ದಿತೆಂದು ಅಭಿಮಾನಪಡುವವರಿದ್ದಾರೆ. ಸತ್ಯ ಅಷ್ಟು ಸರಳವಲ್ಲ. ವಿದೇಶೀ ವಿನಿಮಯದ ಅಭಾವದಿಂದ ಸರಕಾರ ಆಮದನ್ನು ಬಿಗಿಹಿಡಿಯಿತು, ಭಾರಿ ಸುಂಕ ಹೇರಿತು. ಹೊರಗಿನ ಸೀಸೆ ಅಪರೂಪವಾಯಿತು. ಅಪರೂಪವಾದ್ದರಿಂದಲೇ ಅದರ ಪ್ರತಿಷ್ಠೆ ಬೆಳೆಯಿತು. ನಮ್ಮ ಬೀರಿಗೆ ಬೇಲಿಯ ರಕ್ಷಣೆಯಿತ್ತು. ಆದರೆ ಅದಕ್ಕೊಂದು ಸಹಜವಾದ ಗುಣವೂ ಇತ್ತು: ತಾಜಾತನ. ಬೀರು ಹಳತಾದಂತೆ ಪಕ್ವವಾಗುವ ಪಾನೀಯವಲ್ಲ. ಸಾಮಾನ್ಯವಾಗಿ ಬೆಳಕಿಗೂ ಬಿಸಿಗೂ ಕಾಲಕ್ಕೂ ಕೆಡುವಂಥದು. ಸಮುದ್ರವನ್ನು ದಾಟಿಬಂದ ಸೀಸೆಗಿಂತ ನೆರೆಯ ಕಾರ್ಖಾನೆಯ ಸೀಸೆ ನಾಲಗೆಗೆ ಹಿತವೆನಿಸಿದರೆ ಅದು ಬರಿಯ ಸ್ವದೇಶಾಭಿಮಾನವಲ್ಲ.

1967ರಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟಿತು, ಉದ್ಯಮ ಉಸಿರಾಡಿತು. 1977ರಲ್ಲಿ ಮೊರಾರ್ಜಿ ದೇಸಾಯಿಯವರು ಪ್ರಧಾನಿಗಳಾದಾಗ ದೇಶವ್ಯಾಪಿಯಾದ ನಿರೋಧದ ಭಯ ಮತ್ತೆ ತಲೆದೋರಿತು. ಎರಡು ಕಾಲದಲ್ಲಿಯೂ ಮಲ್ಯರ ನಡತೆ ಒಂದೇ ಬಗೆಯದು. ಪತ್ರಿಕೆಗಳಿಂದ ದೂರವಿದ್ದರು, ಆಡಂಬರವನ್ನು ಒಲ್ಲದೆ, ಲೆಕ್ಕಪತ್ರಗಳಲ್ಲಿ ಮನಸ್ಸಿಟ್ಟು ದುಡಿದರು. ಕುಡಿತದ ಪರವಾಗಿ ವೀರಾವೇಶದ ವಾದಕ್ಕೆ ಇಳಿದವರಲ್ಲ. ಆ ಮೌನ ವಿನಯವೋ, ತಮ್ಮ ಸರಕಿನ ಸ್ವಭಾವವನ್ನು ಬಲ್ಲವನ ಎಚ್ಚರವೋ, ವಾಚಕರೇ ತೂಗಿನೋಡಬೇಕು.

1983ರ ಅಕ್ಟೋಬರ್ 13ರಂದು ಮುಂಬಯಿಯಲ್ಲಿ, 59ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹೊಣೆ ಮಗ ವಿಜಯ ಮಲ್ಯರಿಗೆ ಬಂದಿತು. 1978ರಲ್ಲಿ ಪೇಟೆಗೆ ಬಂದಿದ್ದ ಕಿಂಗ್‌ಫಿಷರ್ ಮನೆಮಾತಾಯಿತು. ತಂದೆ ದೂರವಿಟ್ಟಿದ್ದ ಪ್ರಚಾರವನ್ನು ಮಗ ಅಪ್ಪಿಕೊಂಡರು. ಸಾಲದ ಭಾರದಿಂದ ಅವರ ವಿಮಾನಸಂಸ್ಥೆ 2012ರಲ್ಲಿ ನೆಲಕ್ಕಿಳಿಯಿತು. 2021ರಲ್ಲಿ ಯುನೈಟೆಡ್ ಬ್ರೂವರೀಸಿನ ಬಹುಪಾಲು ಷೇರುಗಳು ಹಾಲೆಂಡಿನ ಹೈನೆಕೆನ್ ಕಂಪನಿಗೆ ಸೇರಿದವು. 1947ರಲ್ಲಿ ಒಬ್ಬ ತರುಣನು ಸದ್ದಿಲ್ಲದೆ ಬಿಡಿಸಿ ತಂದ ಒಡೆತನ, 74 ವರ್ಷಗಳ ಮೇಲೆ ಮತ್ತೆ ಕಡಲಾಚೆಗೆ ಹೋಯಿತು.

ಹೀಗಿರಲು, ನಂಜನಗೂಡಿನ ಕಡೆಯಿಂದ ಬಂದ ಸೀಸೆಯನ್ನು ಮುಂದಿಟ್ಟುಕೊಂಡು ಇದು ನಮ್ಮದು, ಅದು ಹೊರಗಿನದು ಎಂದು ವಾದಿಸುವವನು ಯಾವುದನ್ನು ಕುರಿತು ವಾದಿಸುತ್ತಿದ್ದಾನೆ? ಬಾರ್ಲಿ ಉತ್ತರದ ಹೊಲದ್ದು, ದುಡಿಮೆ ನಮ್ಮವರದು, ಸುಂಕ ಸರಕಾರದ್ದು, ಲಾಭದ ಹೆಚ್ಚಿನ ಪಾಲು ಪರದೇಶದ್ದು. ಕುಡಿತ ಮಿತಿ ಮೀರಿದರೆ ಅದರ ಫಲವೊಂದು ಮಾತ್ರ ಪೂರ್ತಿಯಾಗಿ ಅವನ ಮನೆಯದು. ಬೆಂಗಳೂರಿನ ಹಳೆಯ ಗ್ರಾಂಟ್ ರಸ್ತೆ ಇಂದು ವಿಠ್ಠಲ ಮಲ್ಯರ ಹೆಸರನ್ನು ಹೊತ್ತಿದೆ. ಅಲ್ಲಿ ನಡೆದಾಡುವವರು ಆ ಹೆಸರಿನೊಡನೆ ಈ ಲೆಕ್ಕವನ್ನೂ ಒಮ್ಮೆ ನೆನೆದರೆ, ಬಾಳಿನುದ್ದಕ್ಕೂ ಲೆಕ್ಕ ನೋಡಿದ ಆ ಮಿತಭಾಷಿಗೆ ಅದು ಅನುಚಿತವಾದ ಸ್ಮರಣೆಯೇನೂ ಆಗಲಾರದು.